ಮಾವನ ಮಾತಿನ ಮೆನು

ನನ್ನ ಸೋದರಮಾವ ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸಿನ ಏಜೆಂಟರಾಗಿದ್ದರು. ಏಜೆಂಟ್ ಅಂದರೆ ಕುರ್ಚಿ ಮೇಲೆ ಕೂತು ಮಾಡುವ ಕೆಲಸವಲ್ಲ, ನಿಂತು ಕೂಗುವ ಕೆಲಸ. "ಸಂತೆಬೆನ್ನೂರು, ದಾವಣಗೆರೆ! ಹತ್ರೀ ಹತ್ರೀ, ಸೀಟ್ ಐತೆ!" ಎಂದು ಅವರು ಕೂಗಿದರೆ ಮಂಡಕ್ಕಿ ಅಂಗಡಿಯಲ್ಲಿ ಮೆಣಸಿನಕಾಯಿ ಕಚ್ಚಿದವನೂ ಅರ್ಧಕ್ಕೇ ಬಿಟ್ಟು ಎದ್ದು ಬರುತ್ತಿದ್ದ. ಸೀಟು ಇಲ್ಲ ಅನ್ನುವುದು ಹತ್ತಿದ ಮೇಲೆ ಗೊತ್ತಾಗುತ್ತಿತ್ತು. ಆಗ ಮಾವನೇ ಕಿಟಕಿಯಿಂದ ಮುಖ ತೂರಿಸಿ, "ಸೂಳೆಕೆರೆ ಹತ್ರ ಇಳೀತಾರೆ ತಗೋರಿ, ಅಲ್ಲೀಗಂಟ ಒಂಚೂರು ಅಡ್ಜಸ್ಟ್ ಮಾಡ್ಕಳ್ರಿ" ಅನ್ನುತ್ತಿದ್ದರು. ಜನ ಬೈದುಕೊಂಡೇ ನಗುತ್ತಿದ್ದರು. ಅಷ್ಟು ದೊಡ್ಡ ದನಿ, ಅಷ್ಟೇ ಸಲಿಗೆಯ ದನಿ.

ಆ ದನಿ ಹೋಯಿತು. ಗಂಟಲಲ್ಲಿ ಗಡ್ಡೆ ಎಂದು ಗೊತ್ತಾಗಿ, ಆಪರೇಷನ್ ಮಾಡಿ ದನಿಪೆಟ್ಟಿಗೆಯನ್ನೇ ತೆಗೆದರು. ಮಾವ ಬದುಕಿ ಬಂದರು, ಕುತ್ತಿಗೆಯಲ್ಲಿ ಉಸಿರಾಟಕ್ಕೊಂದು ತೂತು, ಅದರ ಮೇಲೆ ಅತ್ತೆ ಹೊಲಿದ ಬಿಳಿ ಬಟ್ಟೆ. ಊಟ ಮಾಡುತ್ತಿದ್ದರು, ಓಡಾಡುತ್ತಿದ್ದರು, ಎಲ್ಲರ ಮಾತೂ ಕೇಳುತ್ತಿತ್ತು. ತಾವು ಮಾತ್ರ ಆಡುವಂತಿರಲಿಲ್ಲ.

ನೋಡಲು ಬಂದವರು ಮಾಡುತ್ತಿದ್ದುದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಮಾವ ಎದುರಿಗೇ ಕೂತಿರುತ್ತಿದ್ದರು. ಬಂದವರು ಅತ್ತೆಯ ಕಡೆ ತಿರುಗಿ, "ಊಟ ಸೇರುತ್ತಾ ಅವ್ರಿಗೆ? ನಿದ್ದೆ ಮಾಡ್ತಾರಾ?" ಎಂದು ಕೇಳುತ್ತಿದ್ದರು. ಇನ್ನು ಕೆಲವರು ಕಿವುಡರಿಗೆ ಹೇಳುವ ಹಾಗೆ ಕಿರುಚುತ್ತಿದ್ದರು. ಒಬ್ಬರಂತೂ ಕೈ ಬಾಯಿಗೆ ತಂದು "ಉಂಡ್ರಾ?" ಎಂದು ಸನ್ನೆ ಮಾಡಿದರು. ದಿನ ಕಳೆದ ಹಾಗೆ ಕೇಳುವುದನ್ನೂ ಬಿಟ್ಟರು. ಮನೆಯ ವಿಷಯ, ಹೊಲದ ವಿಷಯ ಎಲ್ಲ ಮಾವನ ತಲೆಯ ಮೇಲಿಂದ ಹಾದುಹೋಗುತ್ತಿತ್ತು. ಮನುಷ್ಯ ಇದ್ದೂ ಲೆಕ್ಕಕ್ಕಿಲ್ಲದಂತಾಗುವುದು ಅಂದರೆ ಇದೇ.

ಆಸ್ಪತ್ರೆಯವರು ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಒಂದು ಸಾಧನ ಕೊಟ್ಟಿದ್ದರು. ಅದರಿಂದ ಬರುವ ಗೊರಗೊರ ಶಬ್ದ ಕೇಳಿ ಮಾವ ಅದನ್ನು ಗೂಡಿನಲ್ಲಿ ಹಾಕಿಬಿಟ್ಟರು. ಬರೆದು ತೋರಿಸೋಣ ಎಂದರೆ, ಅವರು ಬರೆದು ಮುಗಿಸುವ ಹೊತ್ತಿಗೆ ಎದುರಿನವರ ಮಾತು ಬೇರೆ ಊರು ಸೇರಿರುತ್ತಿತ್ತು. ಫೋನಿನಲ್ಲಿ ಇಂಥದ್ದಕ್ಕೇ ಇರುವ ಆ್ಯಪ್ ಒಂದನ್ನು ಹಾಕಿಕೊಟ್ಟೆ. ಅದು "ನನಗೆ ನೀರಿನ ಅವಶ್ಯಕತೆ ಇದೆ" ಎಂದು ವಾರ್ತೆ ಓದಿದ ಹಾಗೆ ಹೇಳಿತು. ಅತ್ತೆ ನೀರು ತರುವುದು ಬಿಟ್ಟು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಮಾವ ಫೋನು ಮಗುಚಿ ಇಟ್ಟರು.

ನಾನು ಹೊನ್ನಾಳಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಮಾಡುತ್ತೇನೆ, ಅಲ್ಪಸ್ವಲ್ಪ ಪ್ರೋಗ್ರಾಂ ಬರೆಯುತ್ತೇನೆ. ನಮ್ಮ ಮನೆ ನ್ಯಾಮತಿ ತಾಲೂಕಿನ ಸವಳಂಗದಲ್ಲಿ, ಅಮ್ಮ ಮತ್ತು ತಂಗಿ ಅಲ್ಲೇ ಇದ್ದಾರೆ. ತಂಗಿ ಇನ್ನೂ ಶಾಲೆಗೆ ಸೇರುವ ಮೊದಲೇ ಅಪ್ಪ ತೀರಿಕೊಂಡಿದ್ದರು. ಅಲ್ಲಿಂದ ನಮ್ಮ ಮನೆಯ ಪ್ರತಿಯೊಂದು ಒಳ್ಳೆಯದು ಕೆಟ್ಟದ್ದಕ್ಕೆ ಚನ್ನಗಿರಿಯಿಂದ ಬಸ್ ಹತ್ತಿ ಬಂದವರು ಮಾವ. ಹಾಗಾಗಿ ಅವರಿಗೆ ನಾನೇ ಏನಾದರೂ ಮಾಡಿಕೊಡಬೇಕು ಅನ್ನಿಸಿದ್ದು ದೊಡ್ಡ ಮಾತೇನಲ್ಲ. ಒಂದು ಟ್ಯಾಬ್ ತಂದು, ಪರದೆಯ ಮೇಲೆ ಬಟನ್ನುಗಳನ್ನು ಜೋಡಿಸಿ, ಒತ್ತಿದರೆ ಮಾತು ಬರುವಂತೆ ಮಾಡಲು ಕೂತೆ.

ಮೆನುವಿನೊಳಗೆ ಮೆನು ಅಂದರೆ ಏನು ಎಂದು ನಾನು ವಿದ್ಯಾರ್ಥಿಗಳಿಗೆ ಟಿಫನ್ ಕ್ಯಾರಿಯರ್ ತೋರಿಸಿ ಹೇಳುತ್ತೇನೆ. ಮೇಲಿನ ಡಬ್ಬಿ ತೆಗೆದರೆ ಕೆಳಗಿನದು, ಅದನ್ನು ತೆಗೆದರೆ ಅದರ ಕೆಳಗಿನದು. ಎಲ್ಲವನ್ನೂ ಒಂದೇ ತಟ್ಟೆಗೆ ಸುರಿದರೆ ಯಾವುದು ಎಲ್ಲಿದೆ ಗೊತ್ತಾಗುವುದಿಲ್ಲ, ಡಬ್ಬಿ ಹೆಚ್ಚಾದರೆ ತಳದ ಪಲ್ಯ ಸಿಗುವ ಹೊತ್ತಿಗೆ ಹಸಿವೇ ಹೋಗಿರುತ್ತದೆ. ಬೋರ್ಡಿನ ಮೇಲೆ ಇದನ್ನು ಬಿಡಿಸುವುದು ಸುಲಭ. ಎದುರಿಗೆ ಮಾತಿಗಾಗಿ ಕಾಯುತ್ತಿರುವ ಮನುಷ್ಯ ಕೂತಾಗ ಕಷ್ಟ ಶುರುವಾಯಿತು.

ಮೊದಲ ಸಲ ಮಾಡಿದ್ದು ಆಸ್ಪತ್ರೆಯ ಲೆಕ್ಕದಲ್ಲಿ. ಮೊದಲ ಪರದೆಯಲ್ಲಿ "ನೋವು", "ಔಷಧಿ", "ಊಟ", "ಬಚ್ಚಲು". ನೋವು ಒತ್ತಿದರೆ ಒಳಗೆ ತಲೆ, ಹೊಟ್ಟೆ, ಬೆನ್ನು. ಬೆನ್ನು ಒತ್ತಿದರೆ ಅದರೊಳಗೆ ಸ್ವಲ್ಪ, ಬಹಳ. ನನಗೆ ಬಹಳ ಹೆಮ್ಮೆಯಾಗಿತ್ತು. ಮಾವ ಎಲ್ಲವನ್ನೂ ಒಂದೊಂದಾಗಿ ಒತ್ತಿ ಕೇಳಿ, ಪೆನ್ನು ತಗೊಂಡು ಬರೆದು ತೋರಿಸಿದರು: "ನಾನೇನು ಪೇಷೆಂಟಾ? ಜಗಳ ಎಲ್ಲೈತೆ?"

ಜಗಳ ಇರಲಿಲ್ಲ. ತಮಾಷೆಯೂ ಇರಲಿಲ್ಲ. ಮನೆಗೆ ಬಂದವರನ್ನು ಕೂರಿಸುವ ಮಾತೂ ಇರಲಿಲ್ಲ. ಅವರ ಜೀವಮಾನದ ಮಾತನ್ನೆಲ್ಲ ಬಿಟ್ಟು ಬೆನ್ನುನೋವನ್ನು ಮೂರು ಡಬ್ಬಿಯಲ್ಲಿ ತುಂಬಿಟ್ಟಿದ್ದೆ. ಮತ್ತೆ ಮೊದಲಿನಿಂದ ಶುರು ಮಾಡಿದೆವು. ಈ ಸಲ ಮೊದಲ ಪರದೆಯಲ್ಲಿ "ಬರ್ರಿ ಕೂತ್ಕಳ್ರಿ", "ಊಟ ತಿಂಡಿ", "ಮನೆ ಮಾತು", "ಸ್ಟ್ಯಾಂಡು", "ತಮಾಷೆ", "ಜಗಳ" ಬಂದವು. ನೋವು ಮತ್ತು ಔಷಧಿಯನ್ನು ಮನೆ ಮಾತಿನೊಳಗೆ ತಳ್ಳಲು ಮಾವನೇ ಹೇಳಿದರು. ನೋವಾದಾಗ ತಡವಾದರೂ ನಡೆಯುತ್ತದೆ, ಜಗಳದಲ್ಲಿ ತಡವಾದರೆ ಸೋತ ಹಾಗೆ ಅನ್ನುವುದು ಅವರ ವಾದ.

ಅವರ ಬೆರಳು ದಪ್ಪ, ಆಪರೇಷನ್ ಆದ ಮೇಲೆ ಸ್ವಲ್ಪ ನಡುಗುತ್ತಿತ್ತು ಕೂಡ. ಒಂದು ಮೆನು ತೆರೆದಾಗ ಅದು ಹಿಂದಿನದರ ಮೇಲೆ ಕವುಚಿಕೊಳ್ಳುತ್ತಿತ್ತು. ತಾನು ಎಲ್ಲಿಂದ ಒಳಗೆ ಬಂದೆ ಎಂದು ಮರೆತು ಮಾವ ಪರದೆಯನ್ನೇ ದುರುಗುಟ್ಟಿ ನೋಡುತ್ತಿದ್ದರು. ಆಮೇಲೆ ತೆರೆದ ಪ್ರತಿ ಹಂತವೂ ಎಡಗಡೆ ಒಂದು ಬಣ್ಣದ ಪಟ್ಟಿಯಾಗಿ ನಿಲ್ಲುವಂತೆ ಮಾಡಿದೆ. ಈಗ ಬಂದ ದಾರಿ ಕಣ್ಣೆದುರಿಗೇ ಇತ್ತು, ಯಾವ ಪಟ್ಟಿ ಮುಟ್ಟಿದರೂ ಅಲ್ಲಿಗೆ ವಾಪಸ್ಸು ಹೋಗಬಹುದಿತ್ತು. ಮಾವ ನನ್ನ ತಲೆಯ ಮೇಲೆ ಒಂದು ಏಟು ಹಾಕಿದರು. ಅವರು ಮೆಚ್ಚುವುದು ಹಾಗೆಯೇ.

ದನಿ ಯಾರದ್ದು ಹಾಕುವುದು ಅನ್ನುವುದು ದೊಡ್ಡ ಪ್ರಶ್ನೆಯಾಯಿತು. ಮಾವನ ದನಿಯನ್ನು ಯಾರೂ ರೆಕಾರ್ಡ್ ಮಾಡಿ ಇಟ್ಟುಕೊಂಡಿರಲಿಲ್ಲ. ದಿನವಿಡೀ ಸ್ಟ್ಯಾಂಡಿನಲ್ಲಿ ಪುಕ್ಕಟೆ ಸಿಗುತ್ತಿದ್ದುದನ್ನು ಯಾರು ತುಂಬಿಟ್ಟುಕೊಳ್ಳುತ್ತಾರೆ? ಕಂಪ್ಯೂಟರ್ ದನಿ ಬೇಡವೇ ಬೇಡ ಎಂದರು. ಆಗ ಬಂದರು ನೋಡಿ, ಎದುರು ಬಸ್ಸಿನ ಏಜೆಂಟ್. ಇವರಿಬ್ಬರೂ ಒಂದೇ ರೂಟಿನ ಪ್ಯಾಸೆಂಜರಿಗಾಗಿ ದಿನಾ ಕೈ ಕೈ ಮಿಲಾಯಿಸುವಷ್ಟು ಜಗಳ ಆಡಿದವರು. ಒಮ್ಮೆ ಒಬ್ಬ ಮುದುಕಮ್ಮನ ಗಂಟನ್ನು ಇವರು ಒಂದು ಬಸ್ಸಿಗೂ ಅವರು ಮುದುಕಮ್ಮನನ್ನು ಇನ್ನೊಂದು ಬಸ್ಸಿಗೂ ಹತ್ತಿಸಿದ್ದರಂತೆ. ಆತ ಬಂದು ಮಾವನ ಎದುರು ಕೂತು, "ಲೇ, ನನ್ನ ದನಿ ತಗಳಲೇ. ನೀನು ಸುಮ್ನಿದ್ರೆ ಸ್ಟ್ಯಾಂಡಿನಾಗೆ ನಂಗೆ ಕೂಗಾಕೆ ಮನಸಾಗ್ತಿಲ್ಲ" ಎಂದರು. ಮಾವ ಮುಖ ಆ ಕಡೆ ತಿರುಗಿಸಿಕೊಂಡರು. ಅವರ ಕಣ್ಣು ತುಂಬಿತ್ತು.

ಮಾವನ ಮನೆಯ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಕೌದಿ ಕಟ್ಟಿ ರೆಕಾರ್ಡಿಂಗ್ ಮಾಡಿದೆವು. ನಾನು ಬರೆದುಕೊಂಡು ಹೋಗಿದ್ದನ್ನು ಆತ ಓದಿದ್ದು ಕಡಿಮೆ, ತಿದ್ದಿದ್ದು ಹೆಚ್ಚು. "ಅವ್ನು ಹಂಗನ್ನಲ್ಲ ಕಣಮ್ಮಾ. 'ದಯವಿಟ್ಟು' ಅಂತ ಹುಟ್ಟಿದಾಗಿಂದ ಅಂದಿಲ್ಲ ಅವ್ನು" ಎಂದು ನನಗೆ ಹೇಳಿ ತಮಗೆ ತಿಳಿದಂತೆ ಮಾವನ ಧಾಟಿಯಲ್ಲೇ ಹೇಳಿದರು. ಬೈಗುಳದ ಸರದಿ ಬಂದಾಗ ಮಾತ್ರ ಇಬ್ಬರಿಗೂ ವಾದ ಹತ್ತಿತು. ಮಾವ ತಮಗೆ ಇನ್ನೂ ಖಾರದ್ದು ಬೇಕು ಎಂದು ಬರೆದು ತೋರಿಸಿದರೆ, ಆತ, "ನನ್ನ ಬೈಯಾಕೆ ನಾನೇ ದನಿ ಕೊಡಬೇಕಾ?" ಎಂದು ಗದರಿದರು. ಕೊನೆಗೆ ಕೊಟ್ಟರು.

ಹೀಗೆ ಪೂರ್ತಿ ವಾಕ್ಯಗಳೇ ಸಾವಧಾನವಾಗಿ ತುಂಬಿದವು. ಅವುಗಳ ಜೊತೆ, ಎಲ್ಲಕ್ಕಿಂತ ಒಳಗಡೆ, "ಬಿಡಿ ಮಾತು" ಎಂಬ ಇನ್ನೊಂದು ಮೆನು ಇಟ್ಟೆ. ಅದರಲ್ಲಿ ಒಂಟಿ ಒಂಟಿ ಪದಗಳು. ತುಂಬಿಟ್ಟ ವಾಕ್ಯ ಯಾವುದೂ ಸರಿಹೋಗದಿದ್ದರೆ ಒಂದೊಂದೇ ಪದ ಆರಿಸಿ ಪೋಣಿಸಬಹುದು. ಆದರೆ ಅದಕ್ಕೆ ತಾಳ್ಮೆ ಬೇಕು, ಕೇಳುವವರಿಗೆ ಇನ್ನೂ ಹೆಚ್ಚು ಬೇಕು. ಮಾವ ಆ ಕಡೆ ಹೋಗುತ್ತಲೇ ಇರಲಿಲ್ಲ.

ಒಂದು ದಿನ ಟ್ಯಾಬ್ ಹಿಡಿದು ಪಕ್ಕದ ಮನೆಗೆ ಹೋದವರು ಮುಖ ಊದಿಸಿಕೊಂಡು ಬಂದರು. ಅಲ್ಲಿ ಟೀ ಬೇಕಾ ಎಂದು ಕೇಳಿದ್ದಕ್ಕೆ ಪದ್ಧತಿಯಂತೆ "ಬ್ಯಾಡ" ಒತ್ತಿದ್ದರು. ನಮ್ಮ ಕಡೆ ಮೊದಲ "ಬ್ಯಾಡ" ಅನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಟೀ ತಂದೇ ತರುತ್ತಾರೆ. ಆದರೆ ಮನುಷ್ಯನ "ಬ್ಯಾಡ" ನಂಬದವರು ಮಿಷನ್ನಿನ "ಬ್ಯಾಡ" ನಂಬಿದ್ದರು. ಕಾಸಿದ ಟೀಯನ್ನು ಆ ಮನೆಯವರೇ ಮಾವನ ಎದುರಿಗೆ ಕುಡಿದರಂತೆ. ನಾನು "ಬ್ಯಾಡ"ದೊಳಗೆ ಮತ್ತೊಂದು ಮೆನು ಮಾಡಿದೆ. ಅದರಲ್ಲಿ ಮೊದಲು "ಅಯ್ಯೋ ಬ್ಯಾಡ ಬಿಡ್ರಿ", ಆಮೇಲೆ "ಈಗ್ತಾನೆ ಆತು", ಅದಾದ ಮೇಲೆ "ಸರಿ, ಅರ್ಧ ಲೋಟ ಕೊಡ್ರಿ". ತೀರ ತಳದಲ್ಲಿ "ಖರೇನೇ ಬ್ಯಾಡ". ನಾನು ಮಾಡಿದ ಮೆನುಗಳಲ್ಲೆಲ್ಲ ನನಗೆ ಬಹಳ ಇಷ್ಟವಾದದ್ದು ಅದು.

ಆಮೇಲೆ ನನ್ನ ಜಾಣತನ ಅತಿಯಾಯಿತು. ಹೆಚ್ಚು ಬಳಸಿದ ಮಾತು ತಾನಾಗಿ ಮೇಲೆ ಬರಲಿ, ಮಾವನಿಗೆ ಸಲೀಸಾಗಲಿ ಎಂದು ಹೊಸ ಏರ್ಪಾಡು ಮಾಡಿ ಹೊನ್ನಾಳಿಗೆ ಹೋದೆ. ಮಾವ ಅಷ್ಟರಲ್ಲಿ ಪರದೆ ಓದುವುದನ್ನೇ ಬಿಟ್ಟಿದ್ದರು, ಯಾವ ಮಾತು ಎಲ್ಲಿದೆ ಎಂಬುದು ಬೆರಳಿಗೇ ಗೊತ್ತಿತ್ತು. ನಾನು ಹೋದ ಮೇಲೆ ಎದುರು ಬಸ್ಸಿನ ಏಜೆಂಟ್ ಬಂದು ಇಡೀ ಮಧ್ಯಾಹ್ನ ಕೂತಿದ್ದಾರೆ. ಇಬ್ಬರೂ ಮನಸಾರೆ ಜಗಳ ಆಡಿದ್ದಾರೆ. ಮಾರನೆಯ ದಿನ ಸಾಸ್ವೆಹಳ್ಳಿಯಿಂದ ನನ್ನ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಮಾವನನ್ನು ನೋಡಿಕೊಂಡು ಹೋಗಲು ಬಂದರು. ಅವರು ಹೊಸ್ತಿಲು ದಾಟುತ್ತಿದ್ದಂತೆ ಮಾವ "ಬರ್ರಿ ಕೂತ್ಕಳ್ರಿ" ಇರುತ್ತಿದ್ದ ಜಾಗವನ್ನು ಆದರದಿಂದ ಒತ್ತಿದರು. ಆ ಜಾಗಕ್ಕೆ ಏರಿ ಕೂತಿದ್ದ ಮಾತು ಗಟ್ಟಿಯಾಗಿ ಹೊರಬಂತು: "ಎದ್ದು ಹೋಗಲೇ ಬೇವರ್ಸಿ!"

ಅತ್ತೆ ಫೋನಿನಲ್ಲಿ ಇದನ್ನು ಹೇಳಿದಾಗ ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಸಂಜೆಯೊಳಗೆ ಆ ಏರ್ಪಾಡನ್ನೇ ಕಿತ್ತುಹಾಕಿದೆ. ಮನೆಯ ಪಾತ್ರೆಗಳನ್ನು ಯಾರೋ ದಿನಾ ಬೇರೆ ಬೇರೆ ಕಡೆ ಎತ್ತಿಟ್ಟರೆ ಅಡಿಗೆ ಮಾಡುವವರಿಗೆ ಏನಾಗುತ್ತದೋ ನಾನು ಮಾವನಿಗೆ ಅದನ್ನೇ ಮಾಡಿದ್ದೆ. ಅಲ್ಲಿಂದ ಒಂದು ಬಟನ್ನನ್ನೂ ಅವರನ್ನು ಕೇಳದೆ ಸರಿಸಿಲ್ಲ.

ಆದರೆ ಅದರ ಬಿಸಿ ಬೇರೆ ಕಡೆ ತಟ್ಟಿತು. ಅದೇ ಸುಮಾರಿಗೆ ತಂಗಿಗೆ ಜಗಳೂರಿನ ಕಡೆಯಿಂದ ಸಂಬಂಧ ಕೂಡಿ ಬಂದಿತ್ತು. ಎರಡೂ ಕಡೆ ಒಪ್ಪಿಗೆಯಾಗಿ ನಿಶ್ಚಯ ಇಟ್ಟುಕೊಂಡಿದ್ದೆವು. ನಿಶ್ಚಯದ ದಿನ ಹಿರಿಯರ ಎದುರು, ವೀಳ್ಯದೆಲೆ ಅಡಿಕೆಯ ತಟ್ಟೆ ಹಿಡಿದು, ಹೆಣ್ಣಿನ ಕಡೆಯ ಯಜಮಾನ "ಕೊಟ್ಟೀವಿ" ಅನ್ನಬೇಕು, ಗಂಡಿನ ಕಡೆಯವರು "ತಗೊಂಡೀವಿ" ಅನ್ನಬೇಕು. ಬಂಗಾರ, ಸೀರೆ ಎಲ್ಲ ಆಮೇಲಿನ ಮಾತು. ಆ ಮಾತು ಬಿದ್ದ ಮೇಲೆ ಹಿಂದೆ ಸರಿಯುವಂತಿಲ್ಲ. ಅಪ್ಪ ಇಲ್ಲದ ಮನೆಯಲ್ಲಿ ಆ ಮಾತು ಮಾವನೇ ಕೊಡಬೇಕು ಎಂದು ಅಮ್ಮ ಯಾವತ್ತೋ ತೀರ್ಮಾನ ಮಾಡಿದ್ದಳು. ಮಾವನ ಮನಸ್ಸಿನಲ್ಲೂ ಅದೇ ಇತ್ತು.

ದೊಡ್ಡಪ್ಪ ಸವಳಂಗಕ್ಕೆ ಬಂದು ಅಮ್ಮನ ಎದುರು ಕೂತರು. "ನೋಡಮ್ಮಾ, ಅವ್ನ ಮ್ಯಾಲೆ ನನಗೆ ಸಿಟ್ಟಿಲ್ಲ. ಮಿಷನ್ ತಪ್ಪು ಅಂತ ನನಗೂ ಗೊತ್ತೈತೆ. ಆದ್ರೆ ಆ ಡಬ್ಬಿ ನಂಬ್ಕಂಡು ಬೀಗರ ಮುಂದೆ ಕೂರೋದು ಹೆಂಗೆ? ಅವ್ರಿಗೂ ಹಂಗೇ ಅಂದ್ರೆ ಏನು ಮಾಡ್ತೀರಿ? ಬಾಯಿ ಇರೋ ನಾನು ಹೇಳ್ತೀನಿ, ಅವ್ನು ಪಕ್ಕದಾಗೆ ಕೂತಿರ್ಲಿ." ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದೇ ಕಷ್ಟವಾಗಿದ್ದು. ವಿಷಯ ಚನ್ನಗಿರಿ ಮುಟ್ಟಿತು. ಮಾವ ಊಟ ಬಿಡಲಿಲ್ಲ, ಸಿಟ್ಟೂ ಮಾಡಲಿಲ್ಲ. ಟ್ಯಾಬ್ ಮಾತ್ರ ಗೂಡಿನಲ್ಲಿಟ್ಟು ಎರಡು ದಿನ ಮುಟ್ಟಲಿಲ್ಲ ಎಂದು ಅತ್ತೆ ಹೇಳಿದರು. ಹೋದ ದನಿಗಿಂತ ಈ ಮಾತು ಹೋಗುವುದು ಅವರಿಗೆ ಹೆಚ್ಚಿನ ನೋವು ಎಂದು ನನಗೆ ಆಗ ಅರ್ಥವಾಯಿತು.

ನಾನು ಹೋಗಿ, "ಮಾವ, ನೀವೇ ಹೇಳ್ತೀರಿ. ತಪ್ಪಾಗದಂಗೆ ನಾನು ಮಾಡಿಕೊಡ್ತೀನಿ" ಎಂದೆ. ಎದುರು ಬಸ್ಸಿನ ಏಜೆಂಟರನ್ನು ಮತ್ತೆ ಕರೆಸಿ, "ನಮ್ಮ ಹುಡುಗೀನ ನಿಮ್ಮ ಮನೆಗೆ ಕೊಟ್ಟೀವಿ" ಎಂದು ಹೇಳಿಸಿದೆ. ಆತ ಎದೆ ತುಂಬಿ ಹೇಳಿದರು, ಕೇಳಿದರೆ ಮೈ ಜುಮ್ಮೆನ್ನಬೇಕು ಹಾಗೆ. ಆ ದಿನಕ್ಕೆಂದೇ ಮೊದಲ ಪರದೆಯಲ್ಲಿ ಇಡೀ ಅಗಲಕ್ಕೆ ಒಂದೇ ಹಳದಿ ಬಟನ್ ಮಾಡಿ, ಅದರಲ್ಲಿ ಆ ಮಾತನ್ನು ಕೂರಿಸಿದೆ. ಒಳಗೆ ಹೋಗುವುದೇ ಬೇಡ, ಬೆರಳು ಎಲ್ಲಿ ಬಿದ್ದರೂ ಸರಿಯಾದ ಮಾತೇ. ಇದಕ್ಕಿಂತ ಚೆನ್ನಾಗಿ ಮಾಡಲು ಸಾಧ್ಯವೇ ಇಲ್ಲ ಎಂದುಕೊಂಡೆ.

ನಿಶ್ಚಯದ ದಿನ ಸವಳಂಗದ ನಮ್ಮ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಜಗಳೂರಿನವರು ಒಂದು ಕಡೆ, ನಾವು ಒಂದು ಕಡೆ. ಹುಡುಗನ ಅಜ್ಜ ಅವರ ಕಡೆಯ ಯಜಮಾನರು, ಬಿಳಿ ರುಮಾಲು, ಗಟ್ಟಿ ಮನುಷ್ಯ. ಮಾವ ಹೊಸ ಬಿಳಿ ಅಂಗಿ, ಕುತ್ತಿಗೆಗೆ ಹೊಸ ಬಿಳಿ ಬಟ್ಟೆ, ತೊಡೆಯ ಮೇಲೆ ಟ್ಯಾಬ್ ಇಟ್ಟುಕೊಂಡು ಕೂತಿದ್ದರು. ದೊಡ್ಡಪ್ಪ ಅವರ ಪಕ್ಕದಲ್ಲೇ. ತಟ್ಟೆ ಮುಂದೆ ಬಂತು. ಮಾವ ಹಳದಿ ಬಟನ್ ಒತ್ತಿದರು. ಮಾತು ಗಂಟೆ ಹೊಡೆದ ಹಾಗೆ ಬಂತು. ನಮ್ಮ ಕಡೆಯ ಹೆಂಗಸರು ಆಗಲೇ ಸಕ್ಕರೆ ಬಟ್ಟಲು ಎತ್ತಿಕೊಂಡಿದ್ದರು.

ಅಜ್ಜ ಕೈ ಅಡ್ಡ ಹಿಡಿದರು. "ತಪ್ಪು ತಿಳ್ಕಬ್ಯಾಡ್ರಿ. ಈ ದನಿ ಯಾರ್ದು?"

ಗೋಡೆಗೆ ಒರಗಿದ್ದ ಎದುರು ಬಸ್ಸಿನ ಏಜೆಂಟ್ ಹೆಮ್ಮೆಯಿಂದ, "ನಂದ್ರೀ" ಎಂದರು.

"ಹಂಗಾದ್ರೆ ಹುಡುಗಿ ಕೊಟ್ಟೋರು ನೀವಾದಂಗಾತು."

ಎಲ್ಲರೂ ಗೊಳ್ಳೆಂದು ನಕ್ಕರು. ಅಜ್ಜ ನಗಲಿಲ್ಲ. "ನಾ ಹೇಳಿದ್ದು ನಗಾಕಲ್ಲ. ಇದು ಮಾತು ಕೊಡೋ ಶಾಸ್ತ್ರ. ಕೊಡೋರು ಅಲ್ಲೇ, ಆಗ್ಲೇ, ಮನಸಿಟ್ಟು ಕೊಡ್ಬೇಕು. ಯಾರೋ ಮೊದ್ಲೇ ಅಂದು ತುಂಬಿಟ್ಟಿದ್ದನ್ನ ಒತ್ತಿದ್ರೆ ಅದು ಅವ್ರ ಮಾತು ಹೆಂಗಾಗ್ತೈತೆ?"

ದೊಡ್ಡಪ್ಪ ಮೆಲ್ಲಗೆ ಶಲ್ಯ ಸರಿಮಾಡಿಕೊಂಡು ಮುಂದಕ್ಕೆ ಜರುಗಿದರು. ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನ ತುದಿ ಹಿಂಡುತ್ತಿದ್ದಳು. ನನಗೆ ಆ ಅಜ್ಜನ ಮೇಲೆ ಕೆಟ್ಟ ಸಿಟ್ಟು ಬಂತು, ಅವರು ಕೇಳಿದ್ದು ಸರಿಯಾದ ಪ್ರಶ್ನೆ ಎಂದು ಗೊತ್ತಿದ್ದುದರಿಂದ ಇನ್ನೂ ಹೆಚ್ಚು ಬಂತು.

ಮಾವ ದೊಡ್ಡಪ್ಪನ ಕಡೆ ಅಂಗೈ ತೋರಿಸಿ ತಡೆದರು. ಎದ್ದು ಹೋಗಿ ಅಜ್ಜನ ಪಕ್ಕದಲ್ಲಿ, ತೊಡೆಗೆ ತೊಡೆ ತಾಗುವ ಹಾಗೆ ಕೂತರು. ಟ್ಯಾಬನ್ನು ಇಬ್ಬರಿಗೂ ಕಾಣುವಂತೆ ಹಿಡಿದು, ಹಳದಿ ಬಟನ್ನನ್ನು ಬಿಟ್ಟು ಮೂಲೆಯ ಸಣ್ಣ ಬಾಣ ಒತ್ತಿದರು. ಎಲ್ಲ ಮೆನು ಬಂತು. ಮನೆ ಮಾತು ಒತ್ತಿದರು. ಅದರೊಳಗೆ ಬಿಡಿ ಮಾತು. ಯಾವತ್ತೂ ಹೋಗದ ಆ ತಳಕ್ಕೆ ಅವರು ಇಳಿಯುತ್ತಿದ್ದರು. ಒಂದು ಸಲ ತಪ್ಪು ಕಡೆ ಹೋದರು, ಪಟ್ಟಿ ಮುಟ್ಟಿ ವಾಪಸ್ಸು ಬಂದರು. ಅಜ್ಜ ಬಗ್ಗಿ ನೋಡುತ್ತಿದ್ದರು.

"ನನ್ನ" ಎಂದಿತು ಟ್ಯಾಬ್.

ಆಮೇಲೆ "ಸಂಬಂಧ" ತೆರೆದರು. ಅಕ್ಕ, ತಂಗಿ, ಅಳಿಯ, ಸೊಸೆ, ಮಗ, ಮಗಳು ಎಂದು ಸಾಲಾಗಿ ಬಂತು. ನನ್ನ ತಂಗಿ ಅವರಿಗೆ ಸೊಸೆಯೇ, ಅಕ್ಕನ ಮಗಳು. ಬೆರಳು ಸೊಸೆಯ ಮೇಲೆ ಬಂದು ನಿಂತಿತು. ಅಜ್ಜನೂ ಅದನ್ನು ನೋಡಿದರು, ನಾನೂ ನೋಡಿದೆ. ಬೆರಳು ಅಲ್ಲಿಂದ ಎದ್ದು, ಕೆಳಗೆ ಸರಿದು, "ಮಗಳು" ಒತ್ತಿತು. ಮಾವನಿಗೆ ಹೆಣ್ಣುಮಕ್ಕಳಿಲ್ಲ. ಆ ಬಟನ್ನನ್ನು ಪಟ್ಟಿ ಪೂರ್ತಿಯಾಗಲಿ ಎಂದು ಇಟ್ಟಿದ್ದೆ ಅಷ್ಟೇ. ಅದರೊಳಗಿಂದ "ಮಗಳನ್ನ" ಆರಿಸಿದರು.

ಬಾಯಲ್ಲಿ ಮಾತಾಡುವವರು ಯಾವ ಮಾತು ಬಿಟ್ಟು ಯಾವುದು ಹಿಡಿದರು ಎಂದು ಯಾರಿಗೂ ಕಾಣುವುದಿಲ್ಲ. ಇಲ್ಲಿ ಕಂಡಿತು. "ನಿಮ್ಮ", "ಮನೆಗೆ" ಎಂದು ಒಂದೊಂದೇ ಬಂದವು. ಬೇರೆ ಬೇರೆ ದಿನ ರೆಕಾರ್ಡ್ ಮಾಡಿದ್ದರಿಂದ ಒಂದು ಪದ ಜೋರು, ಒಂದು ಮೆತ್ತಗೆ, ಒಂದರಲ್ಲಿ ಏಜೆಂಟರ ನೆಗಡಿ. ಯಾರೂ ನಗಲಿಲ್ಲ. ಕೊನೆಯದಾಗಿ, ತಡವಾಗಿ, "ಕೊಟ್ಟೀನಿ" ಬಂತು.

ಅಜ್ಜ ನೆಟ್ಟಗೆ ಕೂತು, "ತಗೊಂಡೀವಿ" ಎಂದರು.

ಆ ಮಾತು ಮೂರು ಸಲ ಆಗಬೇಕು. ಹೇಳಿದ್ದನ್ನೇ ಮತ್ತೆ ಹೇಳಿಸಲು ಕೆಳಗೊಂದು ಬಟನ್ ಇತ್ತು. ನಾನು ಬಗ್ಗಿ ಅದನ್ನು ತೋರಿಸಹೋದೆ. ಮಾವ ನನ್ನ ಕೈ ಪಕ್ಕಕ್ಕೆ ಸರಿಸಿ, ಮತ್ತೆ ಮೊದಲಿನಿಂದ ಹೊರಟರು. ಅದೇ ದಾರಿ, ಅದೇ ತಳ, ಮತ್ತೆ ಮಗಳು. ಮೂರನೆಯ ಸಲವೂ ಹಾಗೆಯೇ. ಅಷ್ಟು ಹೊತ್ತು ಅಷ್ಟು ಜನ ಮಾವ ಮಾತು ಮುಗಿಸುವುದನ್ನು ಕಾದರು. ನಾನು ಕಲಿತದ್ದು, ಕಲಿಸಿದ್ದು ಎಲ್ಲ ದಾರಿ ಹೇಗೆ ಕಡಿಮೆ ಮಾಡುವುದು ಎಂಬುದನ್ನೇ. ಮಾವ ಎಲ್ಲಕ್ಕಿಂತ ಉದ್ದದ ದಾರಿ ಹಿಡಿದು ಮಾತನ್ನು ತಮ್ಮದು ಮಾಡಿಕೊಂಡರು. ಅವರ ಮೇಲೆ ನನಗೆ ಮೊದಲಿನಿಂದ ಪ್ರೀತಿಯಿತ್ತು. ಅವತ್ತು ಅದರ ಜೊತೆ ಗೌರವವೂ ಸೇರಿತು.

ಊಟಕ್ಕೆ ಹೋಳಿಗೆ ಬಡಿಸಿದೆವು. ಅಜ್ಜ ಮಾವನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಮದುವೆ ಜಗಳೂರಿನಲ್ಲಾಗಬೇಕು ಎಂದು ಅವರು, ಇಲ್ಲೇ ಆಗಬೇಕು ಎಂದು ಮಾವ. ಮಾವ ಎಡಗೈಯಲ್ಲಿ ಬಟನ್ ಒತ್ತುತ್ತಾ, ಬಲಗೈಯಲ್ಲಿ ಹೋಳಿಗೆ ಮುರಿಯುತ್ತಾ ಒಂದರ ಮೇಲೊಂದು ಮಾತು ಹಾಕತೊಡಗಿದರು. ಅಜ್ಜ ಬಾಯಿ ತೆರೆದರೆ ಸಾಕು, ಇವರದೊಂದು ಹೊರಬರುತ್ತಿತ್ತು. "ಅದೆಲ್ಲಾ ಆಗಲ್ಲ." "ಏನ್ರೀ ಮಾತಾಡ್ತೀರಿ!" "ಸುಮ್ನೆ ಕೇಳ್ರಿ ಇಲ್ಲಿ." ಮನೆ ಮಾತು ಬಿಟ್ಟು ಜಗಳದ ಮೆನುವಿಗೆ ಹೋಗಿದ್ದರು, ಅದೂ ಮೇಲ್ಮೇಲಿನ ಮೆತ್ತನೆಯವು ಮುಗಿದು ಒಳಗಿನವು ಶುರುವಾಗುವುದರಲ್ಲಿದ್ದವು. ಬಡಿಸುತ್ತಿದ್ದ ನನಗೆ ಭಯವಾಯಿತು.

ಅಜ್ಜನಿಗೆ ತಾಳ್ಮೆ ಕೆಟ್ಟಿತು. ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿ, ಮನೆಯೆಲ್ಲ ಕೇಳುವ ಹಾಗೆ ರೇಗಿದರು:

"ಸ್ವಲ್ಪ ಬಾಯಿ ಮುಚ್ರೀ ಬೀಗ್ರೇ! ಆಗಿಂದ ನೀವೇ ಮಾತಾಡ್ತಿದ್ದೀರಲ್ಲ, ನನಗೂ ಒಂದ್ಮಾತು ಆಡಾಕೆ ಬಿಡ್ರಿ!"

ಅತ್ತೆ ತುಪ್ಪದ ಗಿಂಡಿ ಹಿಡಿದವರು ಹಾಗೇ ನಿಂತರು. ಆಪರೇಷನ್ ಆದ ಮೇಲೆ ಮಾವನಿಗೆ ಬಾಯಿ ಮುಚ್ಚು ಎಂದು ಹೇಳಿದವರು ಯಾರೂ ಇರಲಿಲ್ಲ. ಮಾವ ಟ್ಯಾಬಿನಿಂದ ಕೈ ತೆಗೆದರು. ಅವರ ಮುಖ ಅಷ್ಟಗಲ ಅರಳಿತು. ಆಮೇಲೆ ವಿಧೇಯರಾಗಿ, ಅಜ್ಜ ಮಾತು ಮುಗಿಸುವವರೆಗೂ ಸುಮ್ಮನೆ ಕೂತು ಕೇಳಿದರು.